ಒಂದು ದಿನಚರಿಯ ವಾಚನ

ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯತಕ್ಕದ್ದು ಸಾಮಾನ್ಯವಾಗಿ ವರದಿಯೇ. ಎಷ್ಟು ಮಂದಿ ಪರೀಕ್ಷೆಗೆ ಕುಳಿತರು, ಎಷ್ಟು ಮಂದಿ ತೇರ್ಗಡೆಯಾದರು, ಯಾವ ದಾನಿಗಳಿಗೆ ನಾವು ಋಣಿಗಳು ಎಂಬಿವೇ ಮೊದಲಾದ ಸಂಗತಿಗಳು ಈ ಸಂಚಿಕೆಯ ಬೇರೆ ಪುಟಗಳಲ್ಲಿ ಅಚ್ಚಾಗಿರುವುವು. ಆ ವರದಿಯಲ್ಲಿ ಎಲ್ಲಿಯೂ ಸೇರದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅದರಲ್ಲಿ ನನ್ನದೇ ಒಂದು ತಪ್ಪು ಸೇರಿರುವುದರಿಂದ ಅದನ್ನು ನಾನೇ ಹೇಳುವುದು ನ್ಯಾಯ.

ನಾನು ಹುಡುಗಿಯಾಗಿ ಮಿಶನ್ ಹಾಸ್ಟೆಲಿನಲ್ಲಿದ್ದಾಗ, ಸಾಯಂಕಾಲ ಹೊಲಿಗೆಗೆ ಕುಳಿತ ಹುಡುಗಿಯರಿಗೆ ಒಬ್ಬಳು ಯಾವುದಾದರೊಂದು ಒಳ್ಳೆಯ ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳುವ ಪದ್ಧತಿಯಿತ್ತು. ಕೈಗೆ ಸೂಜಿ, ಕಿವಿಗೆ ಕಥೆ. ಆ ಪದ್ಧತಿಯನ್ನು ನಾನು ಈ ಶಾಲೆಯಲ್ಲಿಯೂ ಹಾಕಿಕೊಂಡೆನು. ಶುಕ್ರವಾರದ ಕಡೆಯ ಪಿರಿಯಡ್ಡಿನಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರು ಕಸೂತಿಯ ಬಟ್ಟೆಗಳನ್ನು ಹಿಡಿದು ಕುಳಿತುಕೊಳ್ಳುವರು, ನಾನು ಓದುವೆನು. ಕೌಲ್ ಬಜಾರಿನ ಹುಡುಗಿಯರಿಗೆ ಹೊಲಿಗೆಯನ್ನು ಕಲಿಸಬೇಕಾದ ಅಗತ್ಯವೇ ಇಲ್ಲ. ಅನೇಕರ ಮನೆಗಳಲ್ಲಿ ಜೀನ್ಸ್ ಹೊಲಿಯುವ ಯಂತ್ರವುಂಟು. ತಾಯಂದಿರ ಸಂಗಡ ಕುಳಿತು ದಾರ ಕತ್ತರಿಸಿ, ಗುಂಡಿ ಹಚ್ಚಿ, ಆಮೇಲೆ ಶಾಲೆಗೆ ಬರುವವರೇ ಹಲವರು. ಮನೆಯಲ್ಲಿ ಕೆಲವರು ಕನ್ನಡ, ಕೆಲವರು ತೆಲುಗು, ಕೆಲವರು ಉರ್ದು ಮಾತನಾಡುವರು. ಕುರುಗೋಡಿನ ಕಡೆಯಿಂದ ಬೆಳಗಿನ ಬಸ್ಸಿನಲ್ಲಿ ಬರುವವರೂ ಇದ್ದಾರೆ.

2023ರ ಜುಲೈ ತಿಂಗಳಲ್ಲಿ ನಾನು ಓದಲು ಆರಿಸಿಕೊಂಡದ್ದು ಆನ್ ಫ್ರಾಂಕ್ ಎಂಬ ಹುಡುಗಿಯ ದಿನಚರಿ. ಈಕೆಯು 1929ರ ಜೂನ್ 12ರಂದು ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಒಂದು ಯೆಹೂದ್ಯ ಕುಟುಂಬದಲ್ಲಿ ಹುಟ್ಟಿದಳು. ಹಿಟ್ಲರನು ಅಧಿಕಾರಕ್ಕೆ ಬಂದ ಮೇಲೆ ತಂದೆತಾಯಿಗಳು ಮಕ್ಕಳನ್ನು ಕರೆದುಕೊಂಡು ಹಾಲೆಂಡಿನ ಆಮ್ಸ್ಟರ್ಡಾಮ್ ಪಟ್ಟಣಕ್ಕೆ ಹೋಗಿ ನೆಲಸಿದರು. 1940ರಲ್ಲಿ ಜರ್ಮನರ ಸೈನ್ಯವು ಅಲ್ಲಿಗೂ ಬಂದಿತು. ಆನ್‌ಳಿಗೆ ಹದಿಮೂರು ತುಂಬಿದ ದಿನ ಅವಳಿಗೆ ಚೌಕಳಿ ಹೊದಿಕೆಯ ಒಂದು ಪುಸ್ತಕವು ಉಡುಗೊರೆಯಾಗಿ ದೊರೆಯಿತು. ಅದನ್ನೇ ಅವಳು ದಿನಚರಿಯನ್ನಾಗಿ ಮಾಡಿಕೊಂಡು, ಕಿಟ್ಟಿ ಎಂಬ ಕಲ್ಪನೆಯ ಗೆಳತಿಗೆ ಪತ್ರ ಬರೆಯುವಂತೆ ಬರೆಯತೊಡಗಿದಳು. ಮೂಲವು ಡಚ್ ಭಾಷೆಯದು. ನಮ್ಮ ಗ್ರಂಥಾಲಯದಲ್ಲಿದ್ದದ್ದು ಇಂಗ್ಲಿಷ್ ಅನುವಾದ. ನಾನು ಕಣ್ಣಿನಿಂದ ಇಂಗ್ಲಿಷನ್ನು ಓದಿ ಬಾಯಿಂದ ಕನ್ನಡವನ್ನು ಹೇಳುತ್ತಿದ್ದೆನು. ಮಾತು ತಡವರಿಸಿದಾಗ ಹುಡುಗಿಯರೇ ಶಬ್ದಗಳನ್ನು ಒದಗಿಸುತ್ತಿದ್ದರು.

ಮೊದಲನೆಯ ವಾರ ಅವರು ನಗುತ್ತಲೇ ಕೇಳಿದರು. ತರಗತಿಯಲ್ಲಿ ಮಾತು ಹೆಚ್ಚಾಯಿತೆಂದು ಗಣಿತದ ಉಪಾಧ್ಯಾಯರು ಆನ್‌ಳಿಗೆ ದಂಡನೆಯಾಗಿ ಪ್ರಬಂಧ ಬರೆಸಿದ ಕಥೆಯು ಅವರಿಗೆ ಬಹಳ ಹಿಡಿಸಿತು. ಆಮೇಲೆ ಯೆಹೂದ್ಯರಿಗೆ ವಿಧಿಸಲ್ಪಟ್ಟ ನಿರ್ಬಂಧಗಳ ಪುಟ ಬಂದಿತು. ಯೆಹೂದ್ಯರು ಟ್ರಾಮಿನಲ್ಲಿ ಕೂಡಬಾರದು. ಮಧ್ಯಾಹ್ನ ಮೂರರಿಂದ ಐದರ ವರೆಗೆ ಮಾತ್ರ ಅಂಗಡಿಗೆ ಹೋಗಬೇಕು. ರಾತ್ರಿ ಎಂಟರ ಮೇಲೆ ಹೊರಗೆ ಕಾಣಿಸಿಕೊಳ್ಳಬಾರದು. ತಮ್ಮ ಸೈಕಲ್ಲುಗಳನ್ನು ಒಪ್ಪಿಸಿಬಿಡಬೇಕು. ಉಡುಪಿನ ಮೇಲೆ ಹಳದಿ ನಕ್ಷತ್ರವನ್ನು ಹೊಲಿದುಕೊಳ್ಳಬೇಕು. ಸೈಕಲ್ಲಿನ ಮಾತಿಗೆ ಕೋಣೆಯಲ್ಲಿ ಸದ್ದಡಗಿತು. ನಮ್ಮ ಸರ್ಕಾರದವರು 2006ರಿಂದ ಹಲವು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿದರಷ್ಟೆ. ಈ ಹುಡುಗಿಯರ ಅಕ್ಕಂದಿರು ಅವುಗಳನ್ನೇರಿ ಶಾಲೆಗೆ ಬಂದವರು. “ಕೊಟ್ಟಿದ್ದನ್ನು ತಿರುಗಿ ಕೇಳಿದರೇ, ಟೀಚರ್?” ಎಂದು ಒಬ್ಬಳು ಕೇಳಿದಳು. “ಕೊಟ್ಟದ್ದನ್ನಲ್ಲಮ್ಮಾ, ಅವರದನ್ನೇ ಕಸಿದುಕೊಂಡರು” ಎಂದೆನು. ಇನ್ನೊಬ್ಬಳು ತನ್ನ ಕೈಯಲ್ಲಿದ್ದ ಸೂಜಿಯನ್ನು ನೋಡುತ್ತ, “ಆ ನಕ್ಷತ್ರವನ್ನು ಅವರವರ ತಾಯಂದಿರೇ ಹೊಲಿಯಬೇಕಾಗಿತ್ತೇ?” ಎಂದಳು. ಹೌದೆಂದು ಹೇಳಿದೆನು. ಆ ಪ್ರಶ್ನೆಯ ಆಳವು ಆಗ ನನಗೆ ಹೊಳೆಯಲಿಲ್ಲ.

1942ರ ಜುಲೈ 6ರಂದು ಆ ಕುಟುಂಬದವರು ಬಟ್ಟೆಯ ಮೇಲೆ ಬಟ್ಟೆ ತೊಟ್ಟು ಮಳೆಯಲ್ಲಿ ನಡೆದು ಹೋಗಿ, ತಂದೆಯ ವ್ಯಾಪಾರದ ಕಟ್ಟಡದ ಹಿಂಭಾಗದಲ್ಲಿ ಅಡಗಿಕೊಂಡರು. ಕೈಚೀಲದಲ್ಲಿ ಆನ್‌ಳು ಮೊದಲು ಇಟ್ಟುಕೊಂಡದ್ದು ಈ ದಿನಚರಿಯನ್ನೇ. ಪುಸ್ತಕದ ಕಪಾಟೊಂದು ಆ ಅಡಗುದಾಣದ ಬಾಗಿಲನ್ನು ಮರೆಮಾಡಿತ್ತು. ಒಳಗೆ ಒಟ್ಟು ಎಂಟು ಮಂದಿ. ಕೆಳಗಿನ ಉಗ್ರಾಣದಲ್ಲಿ ಆಳುಗಳು ಕೆಲಸ ಮಾಡುವ ಹೊತ್ತಿನಲ್ಲಿ ಮೇಲೆ ಹೆಜ್ಜೆಯ ಸಪ್ಪಳ ಕೇಳಬಾರದು. ಹೀಗೆ ಎರಡು ವರ್ಷಗಳಿಗೂ ಹೆಚ್ಚು ಕಾಲ. ಇದನ್ನು ಓದುವಾಗ ನಮ್ಮ ಹುಡುಗಿಯರು ತಾವೂ ಬೆಂಚನ್ನು ಸರಿಸದೆ ಕುಳಿತಿರುತ್ತಿದ್ದರು.

“ಇದೆಲ್ಲ ಬಹಳ ದೂರದ, ಬಹಳ ಹಿಂದಿನ ಮಾತಲ್ಲವೇ ಟೀಚರ್?” ಎಂದು ಒಬ್ಬಳು ಕೇಳಿದ್ದುಂಟು. ಅದಕ್ಕೆ ದಿನಚರಿಯೇ ಉತ್ತರ ಕೊಟ್ಟಿತು. 1943ರ ಫೆಬ್ರವರಿ 27ರ ಪುಟದಲ್ಲಿ ಆನ್‌ಳು ಯುದ್ಧವಾರ್ತೆಗಳ ನಡುವೆ ಗಾಂಧಿಯವರ ಹೆಸರನ್ನೆತ್ತಿ, ಅವರು ಮತ್ತೆ ಉಪವಾಸಕ್ಕೆ ಕುಳಿತಿರುವರೆಂದು ಸ್ವಲ್ಪ ತುಂಟತನದಿಂದಲೇ ಬರೆದಿದ್ದಾಳೆ. ಅದು ಮಹಾತ್ಮರು ಪುಣೆಯ ಆಗಾಖಾನ್ ಅರಮನೆಯಲ್ಲಿ ಬಂದಿಯಾಗಿದ್ದು ಫೆಬ್ರವರಿ 10ರಿಂದ 21 ದಿನ ಕೈಗೊಂಡ ಉಪವಾಸ. ಆ ಕಾಲದಲ್ಲಿ ನಮ್ಮ ಬಳ್ಳಾರಿಯು ಮದರಾಸು ಪ್ರಾಂತಕ್ಕೆ ಸೇರಿದ್ದು, ಇಲ್ಲಿಯ ಅಲ್ಲೀಪುರದ ಸೆರೆಮನೆಯಲ್ಲಿ ಚಲೇಜಾವ್ ಚಳವಳಿಯ ಬಂದಿಗಳಿದ್ದರು. ಕಪಾಟಿನ ಹಿಂದೆ ಅಡಗಿದ್ದ ಹುಡುಗಿಗೆ ತಲುಪಿದ ಸುದ್ದಿಯೇ ನಮ್ಮೂರಿನ ಸೆರೆಮನೆಯ ಗೋಡೆಗಳ ಒಳಗೂ ಮಾತಾಗಿದ್ದಿರಬೇಕು. ಅದಕ್ಕೂ ಹಿಂದೆ, ಮೊದಲನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕ ತುರ್ಕಿ ಸೈನಿಕರನ್ನು ಇದೇ ಬಳ್ಳಾರಿಯಲ್ಲಿ ಇರಿಸಿದ್ದರು. ಕೌಲ್ ಬಜಾರೇ ದಂಡಿನ ಮಗ್ಗುಲಲ್ಲಿ ಬೆಳೆದ ಪೇಟೆ. ದೂರದ ಯುದ್ಧವೆಂಬುದು ನಮ್ಮ ಪಾಲಿಗೆ ಎಂದೂ ಪೂರ್ತಿಯಾಗಿ ದೂರವಾಗಿರಲಿಲ್ಲ.

ಹಿಂದಿನ ಕಾಲದ ಮಾತೂ ಅಲ್ಲ. 2022ರ ಫೆಬ್ರವರಿ 24ರಂದು ರಷ್ಯಾದ ಸೈನ್ಯವು ಉಕ್ರೇನಿನ ಮೇಲೆ ಬಿದ್ದಿತು. ಮಾರ್ಚ್ 1ರಂದು ಅಲ್ಲಿಯ ಖಾರ್ಕಿವ್ ಪಟ್ಟಣದಲ್ಲಿ, ಆಹಾರ ಪದಾರ್ಥಗಳನ್ನು ತರಲೆಂದು ಹೊರಗೆ ಹೋಗಿದ್ದ ಹಾವೇರಿ ಜಿಲ್ಲೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿಯು ಫಿರಂಗಿಯ ದಾಳಿಗೆ ಸಿಕ್ಕಿ ಮೃತನಾದನು. ಆ ತಿಂಗಳ 21ರಂದು ಅವನ ದೇಹವು ಊರಿಗೆ ಬಂದಿತು. ತಂದೆತಾಯಿಗಳು ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನವಾಗಿ ಕೊಟ್ಟರು. ಹುಡುಗಿಯರಲ್ಲಿ ಅನೇಕರಿಗೆ ಇದು ನೆನಪಿತ್ತು. ದಿನಚರಿಯು ಹೀಗೆ ನಮಗೆ ಹತ್ತಿರವಾಯಿತು.

ದಸರೆಯ ರಜೆ ಬಂದಿತು. ಆ ವಾರವೇ, 2023ರ ಅಕ್ಟೋಬರ್ 7ರಂದು, ಹಮಾಸಿನ ಶಸ್ತ್ರಧಾರಿಗಳು ಗಾಜಾದಿಂದ ಇಸ್ರೇಲಿನೊಳಗೆ ನುಗ್ಗಿ ಸುಮಾರು 1,200 ಜನರನ್ನು ಕೊಂದು, ಸುಮಾರು 250 ಮಂದಿಯನ್ನು ಒತ್ತೆಯಾಳುಗಳಾಗಿ ಹಿಡಿದೊಯ್ದರು. ಕೂಡಲೆ ಗಾಜಾದ ಮೇಲೆ ಇಸ್ರೇಲಿನ ಬಾಂಬುಗಳು ಬೀಳತೊಡಗಿದವು. ರಜೆಯಲ್ಲಿ ಮಕ್ಕಳು ಮನೆಯಲ್ಲಿ ಕುಳಿತು ಮೊಬೈಲ್ ಫೋನಿನಲ್ಲಿ ನೋಡಬಾರದ್ದನ್ನೆಲ್ಲ ನೋಡಿದ್ದರು.

ರಜೆ ಮುಗಿದ ಮೇಲಿನ ಮೊದಲನೆಯ ಶುಕ್ರವಾರ ನಾನು ಏನೂ ಆಗಿಲ್ಲವೆಂಬಂತೆ ಪುಸ್ತಕವನ್ನು ತೆರೆದೆನು. ಎರಡು ಪುಟ ಓದಿರಬಹುದು. ಮುಂದಿನ ಬೆಂಚಿನ ಒಬ್ಬ ಹುಡುಗಿಯು ಎದ್ದು ನಿಂತಳು. ಶಬ್ದಗಳನ್ನು ಒದಗಿಸುವುದರಲ್ಲಿ ಎಲ್ಲರಿಗಿಂತ ಮುಂದಾಗಿದ್ದವಳೇ ಅವಳು. “ಟೀಚರ್, ಈಗ ಗಾಜಾದ ಮಕ್ಕಳ ಮೇಲೆ ಬಾಂಬು ಹಾಕುತ್ತಿರುವವರು ಆನ್‌ಳ ಜನರೇ ಅಲ್ಲವೇ? ಅವಳಿಗಾಗಿ ನಾವು ಏಕೆ ಅಳಬೇಕು?” ಎಂದಳು. ಅವಳ ಪಕ್ಕದಲ್ಲಿಯೇ, ಆರನೆಯ ತರಗತಿಯಿಂದ ಜೊತೆಗೇ ಕುಳಿತು ಬಂದ ಗೆಳತಿಯು, “ಮೊದಲು ಕೊಂದವರು ಯಾರು, ಅದನ್ನೂ ಹೇಳು” ಎಂದಳು. ಒಂದು ನಿಮಿಷದೊಳಗೆ ತರಗತಿಯು ಎರಡು ಪಾಲಾಯಿತು. ಗಾಜಾ ಎಲ್ಲಿದೆಯೆಂದು ಭೂಪಟದಲ್ಲಿ ತೋರಿಸಲಾರದವರು ಕೂಡ ಯಾವುದಾದರೊಂದು ಪಕ್ಷವನ್ನು ಹಿಡಿದರು. ಅವರು ಆಡುತ್ತಿದ್ದ ಮಾತು ಕ್ರಮೇಣ ಗಾಜಾದ ಮಾತಾಗಿ ಉಳಿಯಲಿಲ್ಲ. ‘ನಿಮ್ಮವರು’, ‘ನಮ್ಮವರು’ ಎಂಬ ಮಾತುಗಳು ಕೇಳಿಬಂದವು.

ಆಗ ನಾನು ಮಾಡಿದ್ದೇನು? ಮೇಜನ್ನು ಗುದ್ದಿದೆನು. “ಇದು ಶಾಲೆ, ಇಲ್ಲಿ ರಾಜಕೀಯ ಬೇಡ” ಎಂದೆನು. ಪುಸ್ತಕವನ್ನು ಮುಚ್ಚಿದೆನು. ಪ್ರಶ್ನೆ ಕೇಳಿದವಳಿಗೆ ಕುಳಿತುಕೊಳ್ಳಲು ಹೇಳಿದೆನು, ಅವಳು ಕುಳಿತಳು. ಶಿಸ್ತು ನೆಲಸಿತು. ಇಪ್ಪತ್ತು ವರ್ಷ ಪಾಠ ಹೇಳಿದವಳಿಗೆ ಒಂದು ಕೋಣೆಯನ್ನು ಮೌನವಾಗಿಸುವುದು ಕಷ್ಟವಲ್ಲ. ಮುಂದಿನ ಮೂರು ಶುಕ್ರವಾರಗಳಲ್ಲಿ ಹೊಲಿಗೆ ಮಾತ್ರ ನಡೆಯಿತು, ಓದು ನಡೆಯಲಿಲ್ಲ. ಆ ಇಬ್ಬರು ಗೆಳತಿಯರು ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕುಳಿತರು. ನಡುವೆ ಇಬ್ಬರ ಚೀಲಗಳೂ ಗೋಡೆಯಂತೆ ಇದ್ದವು.

ಒಂದು ದಿನ ಬೆಳಗಿನ ಪ್ರಾರ್ಥನೆಯಲ್ಲಿ ಓದುವ ಸರದಿ ನನ್ನದಾಗಿತ್ತು. ಪಾಠವು ಲೂಕನ ಸುವಾರ್ತೆಯ ಒಳ್ಳೆಯ ಸಮಾರ್ಯದವನ ಸಾಮ್ಯ. ಈ ಕಥೆಯು ನನಗೆ ಚಿಕ್ಕಂದಿನಿಂದಲೂ ಬಾಯಿಪಾಠ. ತನ್ನ ನೆರೆಯವನು ಯಾರೆಂದು ಧರ್ಮಶಾಸ್ತ್ರಿಯೊಬ್ಬನು ಯೇಸುಸ್ವಾಮಿಯನ್ನು ಕೇಳುತ್ತಾನೆ. ಅವನು ಪರೀಕ್ಷಿಸಲು ಕೇಳಿದವನು. ನಮ್ಮ ಹುಡುಗಿಯಂತೆ ನೋವಿನಿಂದ ಕೇಳಿದವನಲ್ಲ. ಆದಾಗ್ಯೂ ಕರ್ತನು ಅವನನ್ನು ಕುಳಿತುಕೊಳ್ಳೆಂದು ಹೇಳಲಿಲ್ಲ. ಕಥೆಯೊಂದನ್ನು ಹೇಳಿದನು; ಆ ಕಥೆಯಲ್ಲಿ ಕೇಳುವವರು ದ್ವೇಷಿಸುತ್ತಿದ್ದ ಜನಾಂಗದವನನ್ನೇ ನೆರೆಯವನನ್ನಾಗಿ ನಿಲ್ಲಿಸಿದನು. ಸಭಾಂಗಣದಲ್ಲಿ ನನ್ನ ಸ್ವರವು ನನಗೇ ಕೇಳಿಸುತ್ತಿದ್ದಾಗ ನನಗಾದ ನಾಚಿಕೆಯು ಅಷ್ಟಿಷ್ಟಲ್ಲ. ಅದೇ ಕ್ಷಣದಲ್ಲಿ ಸೂಜಿಯನ್ನು ಹಿಡಿದ ಹುಡುಗಿಯ ಹಳೆಯ ಪ್ರಶ್ನೆಯೂ ನೆನಪಾಯಿತು: ಆ ನಕ್ಷತ್ರವನ್ನು ತಾಯಂದಿರೇ ಹೊಲಿಯಬೇಕಾಗಿತ್ತೇ?

ಆ ನಕ್ಷತ್ರದ ಅರ್ಥವೇನು? ಮಗುವನ್ನು ನೋಡಿದೊಡನೆ ನಮಗೆ ಮಗುವು ಕಾಣಿಸದೆ, ಒಂದು ಜನಾಂಗ ಮಾತ್ರ ಕಾಣಿಸಬೇಕೆಂಬುದೇ ಅದರ ಅರ್ಥ. ಜನಾಂಗದ ಮೇಲೆ ಯಾರೋ ಬರೆದಿಟ್ಟ ಲೆಕ್ಕವನ್ನು, ಸರಿಯೋ ತಪ್ಪೋ, ಆ ಮಗುವಿನಿಂದ ವಸೂಲು ಮಾಡಬೇಕೆಂಬುದೇ ಅದರ ಅರ್ಥ. ನಮ್ಮ ತರಗತಿಯಲ್ಲಿ ಅಂದು ಎರಡು ಕಡೆಯವರೂ ಮಾಡುತ್ತಿದ್ದದ್ದು ಇದೇ ಕೆಲಸವಾಗಿತ್ತು. ಒಬ್ಬರು ಆನ್‌ಳ ಅಂಗಿಗೆ, ಇನ್ನೊಬ್ಬರು ಗಾಜಾದ ಮಕ್ಕಳ ಅಂಗಿಗೆ, ಕಡೆಗೆ ಒಬ್ಬರ ಅಂಗಿಗೆ ಮತ್ತೊಬ್ಬರು ನಕ್ಷತ್ರವನ್ನು ಹೊಲಿಯುತ್ತಿದ್ದರು. ಇದನ್ನು ಬಿಡಿಸಿ ಹೇಳಬೇಕಾಗಿದ್ದವಳು ನಾನು, ನಾನು ಸದ್ದಡಗಿಸಿದೆನಷ್ಟೆ.

ಮುಂದಿನ ಶುಕ್ರವಾರ ನಾನು ತರಗತಿಯ ಮುಂದೆ ನಿಂತು, ಅಂದು ಪುಸ್ತಕವನ್ನು ಮುಚ್ಚಿದ್ದು ನನ್ನ ತಪ್ಪೆಂದು ಹೇಳಿದೆನು. ಮಕ್ಕಳಿಗೆ ಆಶ್ಚರ್ಯವಾಯಿತು. ಆ ಹುಡುಗಿಯ ಪ್ರಶ್ನೆಯನ್ನು ನಾನೇ ಮತ್ತೊಮ್ಮೆ ಎತ್ತಿ ಹೇಳಿ, ತಾರೀಖುಗಳಿಂದ ಉತ್ತರವನ್ನು ಆರಂಭಿಸಿದೆನು. ಅಡಗಿದ್ದವರನ್ನು ಹಿಡಿದದ್ದು 1944ರ ಆಗಸ್ಟ್ 4ರಂದು. ಆನ್‌ಳು ಬೆರ್ಗೆನ್-ಬೆಲ್ಸೆನ್ ಎಂಬ ಸೆರೆಶಿಬಿರದಲ್ಲಿ 1945ರ ಆರಂಭದಲ್ಲಿ, ಹದಿನೈದು ವರ್ಷದವಳಾಗಿ ಸತ್ತಳು. ಇಸ್ರೇಲ್ ರಾಜ್ಯವು ಸ್ಥಾಪಿತವಾದದ್ದು 1948ರ ಮೇ 14ರಂದು. ಅವಳು ಅದನ್ನು ಕಂಡವಳಲ್ಲ. ಅಷ್ಟೇಕೆ, 1941ರಲ್ಲಿ ಹೊರದೇಶಗಳಲ್ಲಿದ್ದ ಜರ್ಮನ್ ಯೆಹೂದ್ಯರ ಪೌರತ್ವವನ್ನೇ ಜರ್ಮನಿಯ ಸರ್ಕಾರವು ಕಿತ್ತುಕೊಂಡಿತ್ತು. ಅವಳು ಸಾಯುವಾಗ ಯಾವ ದೇಶದ ಪ್ರಜೆಯೂ ಆಗಿರಲಿಲ್ಲ. ಅವಳ ಕಾಲವಾದ ಎಷ್ಟೋ ವರ್ಷಗಳ ಮೇಲೆ ಯಾವುದೋ ಸರ್ಕಾರವು ಮಾಡಿದ್ದಕ್ಕೆ ಅವಳು ಹೊಣೆಯಲ್ಲ. ಅದೇ ಅಳತೆಯಿಂದ, ಅಕ್ಟೋಬರ್ 7ರಂದು ಶಸ್ತ್ರಧಾರಿಗಳು ಮಾಡಿದ್ದಕ್ಕೆ ಗಾಜಾದ ಮಗುವೂ ಹೊಣೆಯಲ್ಲ. ಅಂದು ಸತ್ತ, ಸೆರೆಯಾದ ಇಸ್ರೇಲಿನ ಮಗುವೂ ಯಾವುದಕ್ಕೂ ಹೊಣೆಯಲ್ಲ. ಅಳತೆಗೋಲು ಒಂದೇ ಇರಬೇಕು. ಅಂಗಡಿಯಲ್ಲಿ ಕೊಳ್ಳುವುದಕ್ಕೊಂದು, ಮಾರುವುದಕ್ಕೊಂದು ಸೇರು ಇಟ್ಟವನನ್ನು ನಾವು ಏನೆಂದು ಕರೆಯುತ್ತೇವೆ?

ಆಮೇಲೆ 1943ರ ನವೆಂಬರ್ 27ರ ಪುಟವನ್ನು ಓದಿದೆನು. ಅದರಲ್ಲಿ ಆನ್‌ಳಿಗೆ ತನ್ನ ಶಾಲೆಯ ಗೆಳತಿಯೊಬ್ಬಳು ಹರಕು ಬಟ್ಟೆಯಲ್ಲಿ, ಸೊರಗಿದ ಮುಖದಿಂದ ಕಾಣಿಸಿಕೊಳ್ಳುತ್ತಾಳೆ. ತಾನು ಬೆಚ್ಚಗಿರುವಾಗ ಅವಳು ನರಳುತ್ತಿರಬಹುದೆಂದೂ, ಹಿಂದೆ ತಾನು ಅವಳಿಗೆ ನ್ಯಾಯವಾಗಿ ನಡೆದುಕೊಳ್ಳಲಿಲ್ಲವೆಂದೂ ಆನ್‌ಳು ಸಂಕಟಪಡುತ್ತಾಳೆ. ದಿನಚರಿಯಲ್ಲಿಲ್ಲದ ಮುಂದಿನ ಕಥೆಯನ್ನೂ ಹೇಳಿದೆನು. ಆ ಗೆಳತಿ ಹನ್ನಾ ಗೊಸ್ಲರ್. 1945ರಲ್ಲಿ ಬೆರ್ಗೆನ್-ಬೆಲ್ಸೆನಿನಲ್ಲಿ ಬೇಲಿಯ ಈಚೆ ಹನ್ನಾ, ಆಚೆ ಆನ್. ಕತ್ತಲೆಯಲ್ಲಿ ದನಿಯಿಂದ ಒಬ್ಬರನ್ನೊಬ್ಬರು ಗುರುತಿಸಿದರು. ತಾನೇ ಹಸಿದಿದ್ದ ಹನ್ನಾ ಸ್ವಲ್ಪ ಆಹಾರವನ್ನು ಗಂಟುಕಟ್ಟಿ ಬೇಲಿಯಾಚೆಗೆ ಎಸೆದಳು. ಅದನ್ನು ಬೇರೊಬ್ಬಳು ಕಸಿದುಕೊಂಡಳು; ಆನ್‌ಳು ಅತ್ತಳು. ಇನ್ನೊಂದು ರಾತ್ರಿ ಹನ್ನಾ ಮತ್ತೆ ಎಸೆದಳು. ಅದು ಆನ್‌ಳ ಕೈಸೇರಿತು. ಹನ್ನಾ ಬದುಕಿ ಉಳಿದು, 2022ರಲ್ಲಿ ತೀರಿಕೊಂಡಳು.

ಕಥೆ ಮುಗಿದಾಗ ಆ ಹುಡುಗಿಯು ಮತ್ತೆ ಎದ್ದಳು. ಈ ಸಲ ಅವಳ ದನಿ ಬಹಳ ಮೆಲ್ಲಗಿತ್ತು. “ಟೀಚರ್, ಗಾಜಾದಲ್ಲಿಯೂ ಯಾವಳಾದರೂ ಹುಡುಗಿ ದಿನಚರಿ ಬರೆಯುತ್ತಿದ್ದರೆ, ಅದನ್ನು ಯಾರು ಓದುವರು?”

ನನಗೆ ಉತ್ತರ ತೋಚಲಿಲ್ಲ. ಈ ಸಲ ಮೇಜನ್ನು ಗುದ್ದದಿರುವಷ್ಟು ಬುದ್ಧಿಯಿತ್ತು. ಪಕ್ಕದ ಗೆಳತಿಯು ತಲೆ ತಗ್ಗಿಸಿ ಹೊಲಿಯುತ್ತಿದ್ದಳು. “ನಾವು ಓದೋಣ, ಸಿಕ್ಕರೆ” ಎಂದಳು. ಅವಳು ಅಷ್ಟೇ ಹೇಳಿದ್ದು. ಅವರ ಚೀಲಗಳು ಅಂದೇ ಕೆಳಗಿಳಿದವೆಂದು ಹೇಳಿದರೆ ಸುಳ್ಳಾದೀತು. ಕ್ರಿಸ್ಮಸ್ಸಿನ ಹೊತ್ತಿಗೆ ಇಳಿದಿದ್ದವು.

ದಿನಚರಿಯು ಉಳಿದುಬಂದದ್ದು ಹೇಗೆಂಬುದನ್ನೂ ಅವರು ತಿಳಿಯಬೇಕೆಂದು ಮೀಪ್ ಗೀಸ್ ಎಂಬಾಕೆಯ ವಿಷಯವನ್ನು ಹೇಳಿದೆನು. ಅಡಗಿದ್ದವರಿಗೆ ಆಹಾರ ತಂದುಕೊಡುತ್ತಿದ್ದವರಲ್ಲಿ ಆಕೆಯೊಬ್ಬಳು, ಯೆಹೂದ್ಯಳಲ್ಲ. ಚದರಿಬಿದ್ದಿದ್ದ ಕಾಗದಗಳನ್ನು ಆರಿಸಿ, ಆನ್‌ಳಿಗೇ ಹಿಂದಿರುಗಿಸಬೇಕೆಂದು ಓದದೆ ಮೇಜಿನ ಖಾನೆಯಲ್ಲಿಟ್ಟಳು. ಎಂಟು ಮಂದಿಯಲ್ಲಿ ಮರಳಿ ಬಂದವನು ತಂದೆ ಓಟ್ಟೋ ಫ್ರಾಂಕ್ ಒಬ್ಬನೇ. ಮಗಳು ಸತ್ತಳೆಂದು ಖಚಿತವಾದ ಮೇಲೆ ಮೀಪ್ ಆ ಕಾಗದಗಳನ್ನು ಅವನ ಕೈಗೆ ಕೊಟ್ಟಳು. 1947ರಲ್ಲಿ ಅವು ಪುಸ್ತಕವಾದವು. ಬರೆಯುವವಳೊಬ್ಬಳಿದ್ದರೆ ಸಾಲದು, ಕಾಪಾಡುವವಳೊಬ್ಬಳು ಬೇಕು, ಓದುವವರು ಬೇಕು. ಆ ಹುಡುಗಿಯ ಪ್ರಶ್ನೆಯ ಅರ್ಧ ಉತ್ತರವು ಇದರಲ್ಲಿದೆಯೆಂದು ನನಗೆ ತೋರಿತು. ಉಳಿದರ್ಧವು ಈಗಲೂ ನನ್ನ ಬಳಿ ಇಲ್ಲ.

ಜನವರಿಯಲ್ಲಿ ಪ್ರತಿಯೊಬ್ಬಳಿಗೂ ಒಂದೊಂದು ನೋಟುಪುಸ್ತಕವನ್ನು ಕೊಟ್ಟು, ಪ್ರತಿದಿನ ನಾಲ್ಕು ಸಾಲುಗಳನ್ನಾದರೂ ಬರೆಯಬೇಕೆಂದೂ, ನಾನು ಅದನ್ನು ತೆರೆಯೆನೆಂದೂ ಹೇಳಿದೆನು. ಫೆಬ್ರವರಿಯಲ್ಲಿ, 1944ರ ಆಗಸ್ಟ್ 1ರ ಕಡೆಯ ಪುಟವನ್ನು ಓದುವ ದಿನ, ಪುಸ್ತಕವನ್ನು ಆ ಹುಡುಗಿಯ ಕೈಗೆ ಕೊಟ್ಟೆನು. ಅವಳು ಇಂಗ್ಲಿಷಿನಲ್ಲಿ ತಡವರಿಸುತ್ತ ಓದಿದಳು. ಅವಳ ಗೆಳತಿಯು ಕನ್ನಡದಲ್ಲಿ ಹೇಳಿದಳು. ಮುಗಿದ ಮೇಲೆ ಒಬ್ಬಳು, “ಮುಂದೆ?” ಎಂದಳು. ಮುಂದೆ ಪುಟಗಳಿರಲಿಲ್ಲ.

ಆ ಮಕ್ಕಳು ಎಸ್.ಎಸ್.ಎಲ್.ಸಿ. ಮುಗಿಸಿ 2025ರಲ್ಲಿ ಶಾಲೆಯನ್ನು ಬಿಟ್ಟರು. ಅದೇ ವರ್ಷದ ಅಕ್ಟೋಬರಿನಲ್ಲಿ ಗಾಜಾದಲ್ಲಿ ಕದನವಿರಾಮವನ್ನು ಸಾರಿದರು. ಅಷ್ಟು ಹೊತ್ತಿಗೆ ಅಲ್ಲಿ ಸತ್ತವರ ಸಂಖ್ಯೆಯು 60,000ವನ್ನು ಮೀರಿತ್ತೆಂದು ಅಲ್ಲಿಯ ಆರೋಗ್ಯ ಇಲಾಖೆಯ ಲೆಕ್ಕ. ಅವರಲ್ಲಿ ಸಾವಿರಾರು ಮಂದಿ ಮಕ್ಕಳು. ಇಷ್ಟು ದೊಡ್ಡ ಅಂಕಿಯ ಮುಂದೆ ಮನಸ್ಸು ಜಡವಾಗುತ್ತದೆ. ಒಬ್ಬ ಹುಡುಗಿಯ ಸೈಕಲ್ಲು, ಅವಳ ಜಗಳ, ಅವಳ ನಗು ಇವು ತಿಳಿದಾಗ ಮಾತ್ರ ಅಂಕಿಗೆ ಜೀವ ಬರುವುದು. ದಿನಚರಿಯಿಂದಾಗುವ ಉಪಕಾರವು ಇದೇ.

ಹಳೆಯ ಕಡತಗಳಲ್ಲಿ ಕೌಲು ಎಂಬ ಮಾತಿಗೆ ಕರಾರು, ಅಭಯಪತ್ರ ಎಂಬ ಅರ್ಥಗಳುಂಟು. ಬಂದು ನೆಲಸಿರಿ, ನಿಮಗೆ ತೊಂದರೆಯಾಗದು ಎಂಬ ಭರವಸೆಯೇ ಕೌಲು. ಅಂತಹ ಹೆಸರಿನ ಪೇಟೆಯಲ್ಲಿ ನಮ್ಮ ಶಾಲೆಯಿದೆ. ನಮ್ಮ ಬಾಗಿಲಿಗೆ ಬರುವ ಪ್ರತಿಯೊಂದು ಮಗುವಿಗೂ ನಾವು ಕೊಡಬೇಕಾದ ಕೌಲು ಒಂದುಂಟು: ನಿನ್ನ ಜನಾಂಗದ ಲೆಕ್ಕವನ್ನು ನಾವು ನಿನ್ನ ಮೇಲೆ ಬರೆಯುವುದಿಲ್ಲ; ನೀನು ಕೇಳಿದ ಪ್ರಶ್ನೆಗಾಗಿ ಪುಸ್ತಕವನ್ನು ಮುಚ್ಚುವುದಿಲ್ಲ.

ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ನನ್ನದೊಂದು ಬಿನ್ನಹ. ನೀವು ಈಗ ತಾಯಂದಿರಾಗಿದ್ದೀರಿ, ಉಪಾಧ್ಯಾಯಿನಿಯರಾಗಿದ್ದೀರಿ. ರಾತ್ರಿ ಊಟವಾದ ಮೇಲೆ ಫೋನನ್ನು ಬದಿಗಿಟ್ಟು ಮಕ್ಕಳಿಗೆ ಯಾವುದಾದರೊಂದು ದಿನಚರಿಯನ್ನು ಗಟ್ಟಿಯಾಗಿ ಓದಿ ಹೇಳಿರಿ. ಅವರು ಕೇಳಬಾರದ ಪ್ರಶ್ನೆಯನ್ನು ಕೇಳಿದರೆ ಓದನ್ನು ನಿಲ್ಲಿಸಿ ಕೇಳಿಸಿಕೊಳ್ಳಿರಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆನ್ನಿರಿ. ಆಮೇಲೆ ಓದನ್ನು ಮುಂದುವರಿಸಿರಿ. ಸಮಾಧಾನದ ದೇವರು ಎಲ್ಲ ದೇಶಗಳ ಮಕ್ಕಳನ್ನೂ ಕಾಪಾಡಲಿ.